ಅಗ್ನಿರಥಗಳ ಹಿಮ್ಮೇಳ

ಗತಕಾಲವನ್ನು ತೆರೆಯ ಮೇಲೆ ತೋರಿಸಹೊರಟವರಿಗೆ ಉಡುಗೆತೊಡುಗೆಗಳ ವಿಷಯದಲ್ಲಿ ಅಷ್ಟಾಗಿ ಸಂದೇಹ ಹುಟ್ಟುವುದಿಲ್ಲ. ಆ ಕಾಲದ ಭಾವಚಿತ್ರಗಳನ್ನು ನೋಡಿ ಅಂಗಿಗಳನ್ನು ಹೊಲಿಸಬಹುದು; ಹಳೆಯ ಗಾಡಿಗಳನ್ನು ಹುಡುಕಿ ತರಿಸಬಹುದು. ತೊಡಕು ಬರುವುದು ಸಂಗೀತದ ಮಾತು ಬಂದಾಗ. ಕಥೆ ನಡೆದ ಕಾಲದ ಸಂಗೀತವನ್ನು ನುಡಿಸಬೇಕೆ, ಕಥೆಯನ್ನು ನೋಡುವವರ ಕಾಲದ ಸಂಗೀತವನ್ನು ನುಡಿಸಬೇಕೆ? ಮೊದಲನೆಯದು ಇತಿಹಾಸಕ್ಕೆ ವಿಧೇಯವಾದುದೆಂದೂ ಎರಡನೆಯದು ಅಪಚಾರವೆಂದೂ ಮೇಲುನೋಟಕ್ಕೆ ತೋರುತ್ತದೆ. 1981ರಲ್ಲಿ ತೆರೆಕಂಡ ‘ಚಾರಿಯಟ್ಸ್ ಆಫ್ ಫೈರ್’ ಎಂಬ ಆಂಗ್ಲ ಚಲಚ್ಚಿತ್ರವು ಈ ತೀರ್ಮಾನವನ್ನು ತಲೆಕೆಳಗು ಮಾಡಿತು. ಅದರ ಸಂಗೀತದ ವೃತ್ತಾಂತವು ಕಲಾಭಿಮಾನಿಗಳಿಗೆ ಮಾತ್ರವಲ್ಲದೆ ಇತಿಹಾಸಾಸಕ್ತರಿಗೂ ವಿಚಾರಯೋಗ್ಯವಾದುದು.

ಚಿತ್ರದ ವಸ್ತು 1924ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ ಗೆದ್ದ ಇಬ್ಬರು ಓಟಗಾರರ ಕಥೆ. ಹೆರಾಲ್ಡ್ ಅಬ್ರಹಾಮ್ಸ್ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಹೊರದೇಶದಿಂದ ಬಂದು ಇಂಗ್ಲೆಂಡಿನಲ್ಲಿ ನೆಲಸಿದ ಯೆಹೂದ್ಯನೊಬ್ಬನ ಮಗ. ಎರಿಕ್ ಲಿಡಲ್ ಚೀನಾದ ಟಿಯೆಂಟ್ಸಿನ್ ನಗರದಲ್ಲಿ ಹುಟ್ಟಿದ ಸ್ಕಾಟಿಷ್ ಪಾದ್ರಿಯ ಮಗ. ತಾನೂ ಧರ್ಮಪ್ರಚಾರಕನಾಗಿ ಚೀನಾಕ್ಕೆ ಮರಳಿ, 1945ರಲ್ಲಿ ಅಲ್ಲಿನ ಜಪಾನೀಯರ ಬಂಧನಶಿಬಿರದಲ್ಲಿ ಅಸುನೀಗಿದವನು. ಭಾನುವಾರ ಓಡುವುದು ತನ್ನ ಧರ್ಮಕ್ಕೆ ವಿರುದ್ಧವೆಂದು ಲಿಡಲ್ 100 ಮೀಟರಿನ ಓಟವನ್ನು ತೊರೆದನು. ಆ ಓಟದಲ್ಲಿ ಅಬ್ರಹಾಮ್ಸ್ 10.6 ಸೆಕೆಂಡುಗಳಲ್ಲಿ ಗೆದ್ದನು. ಲಿಡಲ್ 400 ಮೀಟರಿನ ಓಟದಲ್ಲಿ 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕವನ್ನು ಪಡೆದನು. ಕಾಲಿನ್ ವೆಲಂಡ್ ಕಥೆಯನ್ನು ಬರೆದನು. ಹ್ಯೂ ಹಡ್ಸನ್ ನಿರ್ದೇಶಿಸಿದನು. ಡೇವಿಡ್ ಪಟ್ನಮ್ ನಿರ್ಮಾಪಕನಾಗಿದ್ದನು.

ಈ ಕಥೆಯು ನೇರವಾಗಿ 1924ರಲ್ಲಿ ಪ್ರಾರಂಭವಾಗುವುದಿಲ್ಲ. 1978ರಲ್ಲಿ ತೀರಿಕೊಂಡ ಅಬ್ರಹಾಮ್ಸನ ಸ್ಮರಣಾರ್ಥವಾಗಿ ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತಿದೆ. ಉಳಿದುಕೊಂಡ ಮುದುಕರು ತಮ್ಮ ಯೌವನವನ್ನು ನೆನೆಯುತ್ತಾರೆ. ಕೂಡಲೆ ಸಮುದ್ರತೀರದ ನೀರಿನಲ್ಲಿ ಬರಿಗಾಲಿನಿಂದ ಓಡುವ ತರುಣರು ಕಾಣಿಸಿಕೊಳ್ಳುತ್ತಾರೆ. ಎಂದರೆ ಚಿತ್ರವು ತೋರಿಸುವುದು ಕಳೆದುಹೋದ ಕಾಲವನ್ನಷ್ಟೇ ಅಲ್ಲ, ಆ ಕಾಲದ ನೆನಪನ್ನು. ಈ ಭೇದವನ್ನು ಮರೆತರೆ ಅದರ ಸಂಗೀತದ ಮರ್ಮವು ತಿಳಿಯಲಾರದು. ಚಿತ್ರದ ಹೆಸರೂ ಒಂದು ಹಾಡಿನಿಂದ ಬಂದುದೇ. ವಿಲಿಯಮ್ ಬ್ಲೇಕ್ ಕವಿಯ ಪದ್ಯವೊಂದಕ್ಕೆ ಹ್ಯೂಬರ್ಟ್ ಪ್ಯಾರಿ 1916ರಲ್ಲಿ ಸ್ವರ ಹಾಕಿದ ‘ಜೆರುಸಲೇಮ್’ ಎಂಬ ಗೀತೆಯಲ್ಲಿ ಅಗ್ನಿರಥದ ಮಾತು ಬರುತ್ತದೆ. ಆ ಗೀತೆಯನ್ನೇ ಚರ್ಚಿನ ಮೇಳದವರು ಚಿತ್ರದ ಕೊನೆಯಲ್ಲಿ ಹಾಡುತ್ತಾರೆ.

ಯಕ್ಷಗಾನದ ಪರಿಭಾಷೆಯಲ್ಲಿ ಹೇಳುವುದಾದರೆ ಈ ಚಿತ್ರದಲ್ಲಿ ಮುಮ್ಮೇಳದ ಸಂಗೀತವೊಂದು, ಹಿಮ್ಮೇಳದ ಸಂಗೀತವೊಂದು ಇವೆ. ಪಾತ್ರಗಳೇ ಹಾಡುವ, ಪಾತ್ರಗಳ ಕಿವಿಗೇ ಬೀಳುವ ಸಂಗೀತವೆಲ್ಲ ಹಳೆಯದು. ಅಬ್ರಹಾಮ್ಸನು ಕೇಂಬ್ರಿಜ್ಜಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ನರ ಗೀತನಾಟಕಗಳನ್ನು ಹಾಡುವ ಸಂಘವನ್ನು ಸೇರುತ್ತಾನೆ. 1878ರ ‘ಎಚ್.ಎಮ್.ಎಸ್. ಪಿನಾಫೋರ್’ ನಾಟಕದಲ್ಲಿ ನಾಯಕನು ಅಪ್ಪಟ ಆಂಗ್ಲನೆಂದು ಕೊಂಡಾಡುವ ವಿನೋದದ ಹಾಡೊಂದುಂಟು. ಯೆಹೂದ್ಯನೆಂಬ ಕಾರಣಕ್ಕೆ ಕಾಲೇಜಿನ ಹಿರಿಯರ ತಾತ್ಸಾರಕ್ಕೆ ಗುರಿಯಾದ ತರುಣನ ಓಟದ ಅಭ್ಯಾಸದೊಡನೆ ಅದು ಕೇಳಿಬರುವಾಗ ವಿನೋದವು ವ್ಯಂಗ್ಯವಾಗಿ ಪರಿಣಮಿಸುತ್ತದೆ.

ಚಿತ್ರದ ಪ್ರಣಯವೂ ಇದೇ ಸಂಗೀತದ ಮೂಲಕ ಬರುತ್ತದೆ. 1885ರ ‘ಮಿಕಾಡೊ’ ನಾಟಕದಲ್ಲಿ ಹಾಡುತ್ತಿರುವ ಸಿಬಿಲ್ ಗಾರ್ಡನ್ ಎಂಬ ಗಾಯಕಿಯನ್ನು ಕಂಡು ಅಬ್ರಹಾಮ್ಸನು ಮರುಳಾಗುತ್ತಾನೆ. ಇತಿಹಾಸವು ಹೇಳುವುದು ಬೇರೆ. ಅವನು 1936ರಲ್ಲಿ ಮದುವೆಯಾದುದು ಸಿಬಿಲ್ ಎವರ್ಸ್ ಎಂಬ ಇನ್ನೊಬ್ಬ ಗಾಯಕಿಯನ್ನು. ಅವರ ಪರಿಚಯವಾದುದೇ ಒಲಿಂಪಿಕ್ ಪಂದ್ಯಗಳು ಮುಗಿದು ಹತ್ತು ವರ್ಷಗಳಾದ ಮೇಲೆ. ಹಾಗೆಯೇ ಭಾನುವಾರದ ಓಟದ ವಿಚಾರವು ಲಿಡಲ್‌ಗೆ ಹಡಗು ಹತ್ತುವಾಗ ತಿಳಿಯಿತೆಂದು ಚಿತ್ರವು ತೋರಿಸಿದರೂ, ವಾಸ್ತವದಲ್ಲಿ ಅದು ತಿಂಗಳುಗಳ ಮೊದಲೇ ತಿಳಿದಿದ್ದಿತು. ಹಾಡುಗಳು ಕಾಲಕ್ಕೆ ಸರಿಯಾಗಿದ್ದ ಮಾತ್ರಕ್ಕೆ ಕಥೆಯು ಕಾಲಕ್ಕೆ ಸರಿಯಾಗಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇವೇ ಸಾಕ್ಷಿ.

ಇನ್ನು ಹಿಮ್ಮೇಳದ ವಿಚಾರ. ಅದನ್ನು ಒದಗಿಸಿದವನು ವ್ಯಾಂಜಲಿಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಇವಾಂಜೆಲೋಸ್ ಪಾಪಥನಸ್ಸಿಯು. 1943ರಲ್ಲಿ ಗ್ರೀಸ್ ದೇಶದ ವೋಲೋಸ್ ಪಟ್ಟಣದ ಸಮೀಪದಲ್ಲಿ ಹುಟ್ಟಿದ ಇವನು ತನ್ನಷ್ಟಕ್ಕೆ ತಾನೇ ವಾದ್ಯವನ್ನು ಕಲಿತವನು. ಸ್ವರಲಿಪಿಯನ್ನು ಓದಿ ನುಡಿಸುವ ಅಭ್ಯಾಸ ಅವನಿಗಿರಲಿಲ್ಲ. 1968ರಲ್ಲಿ ಸ್ವದೇಶವನ್ನು ಬಿಟ್ಟು ಪ್ಯಾರಿಸ್ ನಗರವನ್ನು ಸೇರಿ, ಮುಂದೆ ಲಂಡನ್ನಿಗೆ ಬಂದು, ‘ನೆಮೊ’ ಎಂಬ ಧ್ವನಿಮುದ್ರಣ ಮಂದಿರವನ್ನು ಸ್ಥಾಪಿಸಿಕೊಂಡನು. ತಂತಿ, ಕೊಳವೆ, ಚರ್ಮ ಯಾವುದರ ಸಹಾಯವೂ ಇಲ್ಲದೆ ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ಸಿಂಥಸೈಸರ್ ವಾದ್ಯಗಳು, ಅವುಗಳಲ್ಲಿಯೂ ವಿಶೇಷವಾಗಿ ಯಮಾಹಾ ಸಿಎಸ್-80 ಎಂಬ ವಾದ್ಯ, ಅವನ ಕೈಗೆ ಒಗ್ಗಿದ್ದವು. ತೆರೆಯ ಮೇಲೆ ಓಡುವ ಚಿತ್ರವನ್ನು ನೋಡುತ್ತ ನೋಡುತ್ತ ನುಡಿಸಿ ಮುದ್ರಿಸುವುದು ಅವನ ಪದ್ಧತಿ. ಅವನ ತಂದೆಯೂ ಓಟಗಾರನಾಗಿದ್ದನು. ಈ ಸಂಗೀತವು ತಂದೆಗೆ ತಾನು ಸಲ್ಲಿಸಿದ ಗೌರವವೆಂಬ ಭಾವ ಮಗನಿಗಿದ್ದಿತು.

ನಿರ್ದೇಶಕನ ಮೊದಲ ಯೋಚನೆ ಬೇರೆಯಾಗಿತ್ತು. ವ್ಯಾಂಜಲಿಸ್ 1979ರಲ್ಲಿ ಹೊರತಂದಿದ್ದ ‘ಲಾನ್‌ಫಾಂ’ ಎಂಬ ಕೃತಿಯನ್ನೇ ಸಮುದ್ರತೀರದ ಓಟಕ್ಕೆ ಬಳಸಬೇಕೆಂದು ಹಡ್ಸನ್ ಬಯಸಿದ್ದನು. ಅದಕ್ಕಿಂತ ಉತ್ತಮವಾದುದನ್ನು ಕೊಡಬಲ್ಲೆನೆಂದು ವ್ಯಾಂಜಲಿಸ್ ಅವನನ್ನು ಒಡಂಬಡಿಸಿ ಹೊಸದನ್ನು ರಚಿಸಿದನು. ಈ ಹೊಸ ರಚನೆಯಲ್ಲಿ ಮೊದಲು ಒಂದೇ ಸ್ವರವು ನಾಡಿಯ ಬಡಿತದಂತೆ ಎಡೆಬಿಡದೆ ಮಿಡಿಯುತ್ತದೆ. ಅದರ ಮೇಲೆ ಪಿಯಾನೋ ವಾದ್ಯದ ರಾಗವು ಅವಸರವಿಲ್ಲದೆ ವಿಶಾಲವಾಗಿ ಹರಿಯುತ್ತದೆ. ತಾಳದಲ್ಲಿ ಓಟಗಾರನ ದೇಹವಿದೆ, ರಾಗದಲ್ಲಿ ಅವನನ್ನು ನೆನೆಯುವವರ ಮನಸ್ಸಿದೆ. ತೆರೆಯ ಮೇಲೂ ಓಟದ ವೇಗವನ್ನು ನಿಧಾನಗೊಳಿಸಿ ತೋರಿಸಿರುವುದರಿಂದ ನೆನಪಿನ ಗತಿ ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ಗೋಚರಿಸುತ್ತದೆ. ಆ ಓಟವನ್ನು ಚಿತ್ರೀಕರಿಸಿದುದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ವೆಸ್ಟ್ ಸ್ಯಾಂಡ್ಸ್ ಎಂಬ ಮರಳುದಂಡೆಯಲ್ಲಿ. ಕಥೆಯಲ್ಲಿ ಅದು ಕೆಂಟ್ ಪ್ರಾಂತದ ಕಡಲತೀರ.

ಕೈಬಿಟ್ಟ ‘ಲಾನ್‌ಫಾಂ’ ಕೂಡ ಚಿತ್ರದಲ್ಲಿ ಬೇರೊಂದು ವೇಷದಿಂದ ನುಸುಳಿಕೊಂಡಿದೆ. ಕ್ರೀಡಾಳುಗಳು ಪ್ಯಾರಿಸ್ಸಿನ ಕ್ರೀಡಾಂಗಣವನ್ನು ಸೇರುವಾಗ ಹಿತ್ತಾಳೆಯ ಕಹಳೆಗಳ ವಾದ್ಯಮೇಳವು ಅದನ್ನು ನುಡಿಸುತ್ತ ಸಾಗುತ್ತದೆ. 1979ರ ರಾಗವು 1924ರ ಉಡುಪನ್ನು ತೊಟ್ಟು ಬಂದರೆ ಯಾರೂ ಬೆರಗಾಗುವುದಿಲ್ಲ; 1924ರ ಓಟಗಾರರಿಗೆ ವಿದ್ಯುದ್ವಾದ್ಯದ ಹಿಮ್ಮೇಳವೆಂದರೆ ಮಾತ್ರ ಕಾಲವಿರೋಧವೆಂಬ ಆಕ್ಷೇಪಣೆ ಏಳುತ್ತದೆ! ಸಂಗೀತದ ಪ್ರಾಚೀನತೆಯೆಂದು ಜನ ತಿಳಿಯುವುದು ಬಹುಮಟ್ಟಿಗೆ ವಾದ್ಯದ ಬಣ್ಣವನ್ನೇ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಹಳೆಯ ಸಂಗೀತವೊಂದೇ ಏಕೆ ಸಾಲದು? ಆ ಸಂಗೀತಕ್ಕೆಲ್ಲ ಒಡೆಯರಿದ್ದರು. ಪ್ರಾರ್ಥನಾಗೀತೆ ಚರ್ಚಿನದು, ಗೀತನಾಟಕ ಆಂಗ್ಲ ಸಮಾಜದ್ದು, ರಾಷ್ಟ್ರಗೀತೆ ಸಾಮ್ರಾಜ್ಯದ್ದು. ಅಬ್ರಹಾಮ್ಸನು ಆ ಬಾಗಿಲುಗಳನ್ನು ಹೊರಗೆ ನಿಂತು ತಟ್ಟಿದವನು. ಲಿಡಲ್ ದೇವರಿಗಾಗಿ ರಾಜಕುಮಾರನ ಮಾತನ್ನೂ ಮೀರಿದವನೆಂದು ಚಿತ್ರವು ತೋರಿಸುತ್ತದೆ. ಅಬ್ರಹಾಮ್ಸನ ಗುರು ಸ್ಯಾಮ್ ಮಸಬೀನಿ ಹಣಕ್ಕಾಗಿ ಕಲಿಸುವವನಾದುದರಿಂದ ಕ್ರೀಡಾಂಗಣದೊಳಕ್ಕೆ ಹೋಗುವಂತಿಲ್ಲ. ಅವನು ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಕುಳಿತಿರಲು, ದೂರದಲ್ಲಿ ತನ್ನ ದೇಶದ ಬಾವುಟ ಏರುವುದು ಕಾಣುತ್ತದೆ, ರಾಷ್ಟ್ರಗೀತೆ ಕೇಳುತ್ತದೆ. ಶಿಷ್ಯನ ಜಯವು ಅವನಿಗೆ ತಿಳಿಯುವುದು ಹಾಗೆ. ಹಳೆಯ ಸಂಗೀತವು ಇಲ್ಲಿ ಗೆಲುವನ್ನು ಸಾರುತ್ತದೆ, ಗೆಲ್ಲಿಸಿದವನನ್ನು ಹೊರಗಿಡುತ್ತದೆ. ವಿದ್ಯುದ್ವಾದ್ಯದ ನಾದಕ್ಕಾದರೋ ಕುಲವಿಲ್ಲ, ಕಾಲೇಜಿಲ್ಲ, ಧ್ವಜವಿಲ್ಲ. ಹೊರಗಿನವರ ಅಂತರಂಗದ ಕಥೆಗೆ, ಹೊರಗಿನಿಂದ ಬಂದ ಗ್ರೀಕನೊಬ್ಬನ ಕೈಯಿಂದ, ಯಾವ ಮನೆತನಕ್ಕೂ ಸೇರದ ಆ ನಾದವು ಒದಗಿದುದು ಉಚಿತವೇ ಆಯಿತು.

ಚಿತ್ರಕ್ಕೆ 1982ರಲ್ಲಿ ನಾಲ್ಕು ಆಸ್ಕರ್ ಪಾರಿತೋಷಕಗಳು ಬಂದವು. ಅವುಗಳಲ್ಲಿ ಸಂಗೀತದ್ದೂ ಒಂದು. ಅದೇ ವರ್ಷದ ಮೇ ತಿಂಗಳಿನಲ್ಲಿ ಮೊದಲ ರಾಗದ ಧ್ವನಿಮುದ್ರಿಕೆಯು ಅಮೆರಿಕೆಯ ಬಿಲ್‌ಬೋರ್ಡ್ ಪಟ್ಟಿಯ ಪ್ರಥಮ ಸ್ಥಾನಕ್ಕೇರಿತು. ಕೀರ್ತಿಯ ಬೆನ್ನಿಗೆ ವ್ಯಾಜ್ಯವೂ ಬಂದಿತು. ಸ್ಟಾವ್ರೋಸ್ ಲೊಗಾರಿಡಿಸ್ ಎಂಬ ಗ್ರೀಕ್ ಸಂಗೀತಗಾರನ ಹಿಂದಿನ ರಚನೆಯೊಂದರಿಂದ ಈ ರಾಗವನ್ನು ಕದ್ದುದಾಗಿ ಆರೋಪ ಹುಟ್ಟಿ, ಲಂಡನ್ನಿನ ನ್ಯಾಯಾಲಯವು ಅದನ್ನು ವಿಚಾರಿಸಿತು. ವಾದವಿದ್ದುದು ನಾಲ್ಕು ಸ್ವರಗಳ ಒಂದು ತಿರುವಿನ ಮೇಲೆ. 1987ರಲ್ಲಿ ತೀರ್ಪು ವ್ಯಾಂಜಲಿಸನ ಪರವಾಗಿ ಬಂದಿತು. ಜಗತ್ತಿನ ಕಿವಿಗಳಲ್ಲಿ ನೆಲಸಿದ ರಾಗದ ಬೀಜವು ನಾಲ್ಕೇ ಸ್ವರಗಳೆಂಬುದು ಕಲೆಯ ದಾರಿದ್ರ್ಯವಲ್ಲ, ಅದರ ಮಿತವ್ಯಯ.

ಚಿತ್ರಕ್ಕೆ ವಿದ್ಯುದ್ವಾದ್ಯದ ಹಿಮ್ಮೇಳ ಇದೇ ಮೊದಲಲ್ಲ. 1978ರ ‘ಮಿಡ್‌ನೈಟ್ ಎಕ್ಸ್‌ಪ್ರೆಸ್’ ಚಿತ್ರಕ್ಕೆ ಅಂಥದೇ ಸಂಗೀತವನ್ನು ಕೊಟ್ಟು ಜಾರ್ಜಿಯೊ ಮೊರೋಡರ್ ಇದೇ ಪಾರಿತೋಷಕವನ್ನು ಪಡೆದಿದ್ದನು. ಆದರೆ ಅದು ಸಮಕಾಲೀನ ಕಥೆ. ಇನ್ನೂ ವಿಚಾರಾರ್ಹವಾದುದು ಮುಂದೆ ನಡೆದ ಸಂಗತಿ. 1982ರಲ್ಲಿ ಬಂದ ‘ಬ್ಲೇಡ್ ರನ್ನರ್’ ಎಂಬ, ಭವಿಷ್ಯಕಾಲದ ನಗರವನ್ನು ಚಿತ್ರಿಸುವ ಕಥೆಗೂ ವ್ಯಾಂಜಲಿಸನೇ, ಅದೇ ಮಂದಿರದಲ್ಲಿ, ಅದೇ ವಾದ್ಯದಿಂದ ಸಂಗೀತವನ್ನು ಒದಗಿಸಿದನು. ಕಳೆದ ಕಾಲಕ್ಕೂ ಬಾರದ ಕಾಲಕ್ಕೂ ಒಂದೇ ನಾದವು ಒಪ್ಪಿತು. ಏಕೆಂದರೆ ಎರಡೂ ಮನುಷ್ಯನು ಕಣ್ಣಿನಿಂದ ಕಾಣದೆ ಮನಸ್ಸಿನಿಂದ ಮಾತ್ರ ಮುಟ್ಟಬಲ್ಲ ಕಾಲಗಳು.

ವ್ಯಾಂಜಲಿಸ್ 2022ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನ ಹೊಂದಿದನು. ಅದಕ್ಕೆ ಹತ್ತು ವರ್ಷಗಳ ಹಿಂದೆ, 2012ರ ಲಂಡನ್ ಒಲಿಂಪಿಕ್ ಪಂದ್ಯಗಳ ಉದ್ಘಾಟನೆಯಲ್ಲಿ ಲಂಡನ್ ಸಿಂಫನಿ ವಾದ್ಯವೃಂದವು ಅವನ ರಾಗವನ್ನು ನುಡಿಸಿತು. ಹಾಸ್ಯನಟ ರೋವನ್ ಆಟ್ಕಿನ್ಸನ್ ಒಂದೇ ಸ್ವರದ ಆ ಮಿಡಿತವನ್ನು ಬೇಸರದಿಂದ ಒತ್ತುತ್ತ ಕುಳಿತು ಸಭೆಯನ್ನು ನಗಿಸಿದನು. ಯಾರ ಮನೆಯದೂ ಅಲ್ಲದ ನಾದವು ಅಷ್ಟರಲ್ಲಿ ಮನೆತನವನ್ನು ಪಡೆದು, ಒಂದು ದೇಶದ ಉತ್ಸವಸಂಗೀತವೇ ಆಗಿಹೋಗಿದ್ದಿತು. ಹಳೆಯ ಸಂಗೀತವೆಲ್ಲ ಒಂದೊಮ್ಮೆ ಹೊಸತಾಗಿದ್ದುದೇ ಅಲ್ಲವೆ? ‘ಜೆರುಸಲೇಮ್’ ಗೀತೆಯ ಸ್ವರಗಳಿಗೂ 1924ರಲ್ಲಿ ಎಂಟೇ ವರ್ಷ ತುಂಬಿದ್ದವು.