ಶುದ್ಧ ರಕ್ತ ಗೊಡ್ಡಾದ ಕತೆ

ದನದ ಜಾತ್ರೆಯಲ್ಲಿ ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಆಮೇಲೆ ‘ಯಾವ ಜಾತೀದು?’ ಅಂತ ಕೇಳುತ್ತಾನೆ. ಮನುಷ್ಯನಿಗೂ ದನಕ್ಕೂ ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನ ‘ಕಾಸ್ಟ್’ ಕೂಡ ಪೋರ್ಚುಗೀಸರ ‘ಕಾಸ್ತಾ’ದಿಂದ ಬಂದದ್ದು, ಅದರ ಅರ್ಥ ತಳಿ, ಕುಲ. ಮೇಲುಜಾತಿಯವರು ‘ಅದೆಲ್ಲ ರಕ್ತದಲ್ಲೇ ಬರಬೇಕು’ ಅಂತ ಹೇಳೋದು ಈ ಕೊಟ್ಟಿಗೆಯ ಭಾಷೆಯಲ್ಲೇ. ಹಾಗಾದರೆ ಕೊಟ್ಟಿಗೆಯಲ್ಲಿ ನಿಜಕ್ಕೂ ನಡೆದದ್ದೇನು? ದನಗಳ ವಂಶಾವಳಿಯನ್ನು ಮೊದಲು ಅಚ್ಚು ಹಾಕಿಸಿದ ಇಂಗ್ಲೆಂಡಿನ ಶಾರ್ಟ್‌ಹಾರ್ನ್ ತಳಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಬೇಕಾಗಿದೆ.

ಡರ್ಹಾಮ್ ಸೀಮೆಯ ಕೆಟನ್ ಎಂಬಲ್ಲಿ ಚಾರ್ಲ್ಸ್ ಕಾಲಿಂಗ್ ದನ ಬೆಳೆಸಿ ಮಾರುತ್ತಿದ್ದ. ಕಾರ್ಖಾನೆಯ ಊರುಗಳು ಬೆಳೆದು ಮಾಂಸಕ್ಕೆ ಬೇಡಿಕೆ ಏರುತ್ತಿದ್ದ ಕಾಲ ಅದು. ಡಿಷ್ಲಿಯ ರಾಬರ್ಟ್ ಬೇಕ್‌ವೆಲ್ (1725-1795) ತೋರಿಸಿದ್ದ ದಾರಿಯಲ್ಲಿ ಕಾಲಿಂಗ್ ಹತ್ತಿರದ ರಕ್ತಸಂಬಂಧದೊಳಗೇ ಹೋರಿ ಬಿಡುತ್ತಿದ್ದ. ಫೇವರಿಟ್ ಎಂಬ ಹೋರಿಯನ್ನು ಅದರ ಮಗಳಿಗೇ ಬಿಟ್ಟು 1804ರಲ್ಲಿ ಕಾಮೆಟ್ ಎಂಬ ಬೀಜದ ಹೋರಿಯನ್ನು ಪಡೆದ. 1810ರ ಹರಾಜಿನಲ್ಲಿ ಕಾಮೆಟ್ 1000 ಗಿನಿಗೆ ಹೋಯಿತು.

ಶುದ್ಧ ರಕ್ತದ ಮಹಿಮೆ ಅಂತ ಇಲ್ಲಿಗೇ ಕತೆ ಮುಗಿಸಬಹುದಿತ್ತು. ಆದರೆ ಕಾಲಿಂಗ್ ಸ್ಕಾಟ್ಲೆಂಡಿನ ಕೋಡಿಲ್ಲದ ಗ್ಯಾಲೊವೇ ಹಸುವಿನ ರಕ್ತವನ್ನೂ ಬೆರೆಸಿದ್ದ. ಆ ಸಂತತಿಗೆ ‘ಬೆರಕೆ’ ಅನ್ನೋ ಹಣೆಪಟ್ಟಿ ಬಿತ್ತು. ಅದೇ ಹರಾಜಿನಲ್ಲಿ ಬೆರಕೆ ಸಂತತಿಯ ಕೌಂಟೆಸ್ 400 ಗಿನಿಗೆ ಮಾರಾಟವಾದಳು. ಅಪ್ಪಟ ಕುಲದ್ದೆಂದು ಥಾಮಸ್ ಬೇಟ್ಸ್ ಕೊಂಡ ಯಂಗ್ ಡಚೆಸ್‌ಗೆ ಬಿದ್ದದ್ದು 183 ಗಿನಿ. ಆ ದಿನ ಕೊಂಡವರು ಹಸುವಿನ ಮೈ ನೋಡಿದ್ದರು.

1822ರಲ್ಲಿ ಜಾರ್ಜ್ ಕೋಟ್ಸ್ ಶಾರ್ಟ್‌ಹಾರ್ನ್ ವಂಶಾವಳಿ ಪುಸ್ತಕ ತಂದ. ಅದರಲ್ಲಿ ಹೋರಿಯ ಹೆಸರುಂಟು, ತಾಯಿಯ ಹೆಸರುಂಟು, ಸಾಕಿಸಿದ ಧಣಿಯ ಹೆಸರುಂಟು. ಸಗಣಿ ಬಾಚಿದವರ, ನಡುರಾತ್ರಿ ಕರು ಎಳೆದವರ ಹೆಸರು ಸೇರುವ ಕಲಮೇ ಇಲ್ಲ. ಬರಬರುತ್ತಾ ಮೈಗಿಂತ ಹೆಸರೇ ದೊಡ್ಡದಾಯಿತು. ಬೇಟ್ಸ್ ಕಾಪಾಡಿದ ಡಚೆಸ್ ಕುಲದ ಹಸುವೊಂದು 1873ರಲ್ಲಿ ಅಮೆರಿಕದ ನ್ಯೂಯಾರ್ಕ್ ಮಿಲ್ಸ್ ಹರಾಜಿನಲ್ಲಿ 40,600 ಡಾಲರಿಗೆ ಹೋಯಿತು. ಇದು ಮಾಂಸದ ಬೆಲೆಯಲ್ಲ, ಕುಲದ ಬೆಲೆ. ಅಷ್ಟು ಜೋಪಾನ ಮಾಡಿದ ಆ ಕುಲದಲ್ಲಿ ಗಬ್ಬ ನಿಲ್ಲೋದೇ ಕಷ್ಟವಾಯಿತು. ಹಸುಗಳು ಗೊಡ್ಡು ಬಿದ್ದವು, ಶುದ್ಧ ಡಚೆಸ್ ಕುಲವೇ ಅಳಿಯಿತು.

ಅದೇ ಕಾಲದಲ್ಲಿ ಅಬರ್ಡೀನ್ ಸೀಮೆಯ ಏಮೋಸ್ ಕ್ರುಕ್‌ಶಾಂಕ್ ಹೆಸರಿನ ಹುಚ್ಚಿಗೆ ಬೀಳದೆ ಗಟ್ಟಿಮುಟ್ಟಾದ ಮಾಂಸದ ದನ ಆರಿಸುತ್ತಿದ್ದ. ಅವನೂ ರಕ್ತಸಂಬಂಧದೊಳಗೆ ತಳಿ ಬೆಳೆಸಿದವನೇ. ಆದರೆ ಆರಿಸಲು ಅವನಿಗಿದ್ದ ಅಳತೆ ಮೈ. ಮಾಂಸದ ಶಾರ್ಟ್‌ಹಾರ್ನ್ ತಳಿ ಬಹುಪಾಲು ರೂಪುಗೊಂಡದ್ದು ಅವನ ಹಟ್ಟಿಯಿಂದ. ಆ ತಳಿಗೂ 1970ರ ದಶಕದಲ್ಲಿ ಫ್ರಾನ್ಸಿನ ಮೆನ್-ಆಂಜು ರಕ್ತ ಬೆರೆಸಿದರು. ತಮಾಷೆ ಅಂದರೆ ಆ ಫ್ರೆಂಚ್ ತಳಿ ಹುಟ್ಟಿದ್ದೂ ಹಿಂದೊಮ್ಮೆ ಶಾರ್ಟ್‌ಹಾರ್ನ್ ಬೆರೆಸಿಯೇ! ಅಳಿವಿನಂಚಿನ ದೇಸಿ ತಳಿಗಳನ್ನು ಉಳಿಸುವ ಕೆಲಸ ಬೇಕೇ ಬೇಕು. ಅದು ವೈವಿಧ್ಯದ ಪ್ರಶ್ನೆ. ಅದನ್ನು ಶುದ್ಧತೆಯ ಪೂಜೆ ಅಂತ ತಿಳಿಯಬಾರದು.

ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಜಾತಿಯ ಜೀವಾಳ ಸ್ವಜಾತಿ ವಿವಾಹ ಎಂದು ತೋರಿಸಿದರು. ಬೇಲಿ ಹಾಕಿ, ಹೆಣ್ಣಿನ ಗರ್ಭಕ್ಕೆ ಕಾವಲಿಟ್ಟು, ಆಮೇಲೆ ಅದನ್ನೇ ಪ್ರಕೃತಿ ಅನ್ನುವುದು. 1936ರ ‘ಜಾತಿ ವಿನಾಶ’ದಲ್ಲಿ ಜಾತಿ ಎಂದರೆ ಜನಾಂಗಗಳ ವಿಂಗಡಣೆ ಎಂಬ ವಾದವನ್ನು ಕಿತ್ತೆಸೆದರು. 1948ರಲ್ಲಿ ಅಸ್ಪೃಶ್ಯತೆಯ ಮೂಲವನ್ನು ಹುಡುಕುವಾಗಲೂ ಜನಾಂಗದ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ.

ಈ ಮಾತು ನಮಗೂ ಅನ್ವಯಿಸುತ್ತದೆ. ‘ನಾವೇ ಮೂಲದವರು, ನಮ್ಮದೇ ಅಪ್ಪಟ ರಕ್ತ’ ಅಂತ ಚಳವಳಿಯ ವೇದಿಕೆಯಲ್ಲಿ ಕೂಗಿದಾಗ ಚಪ್ಪಾಳೆ ಬೀಳುತ್ತೆ. ‘ಇದು ಅಪ್ಪಟ ದಲಿತ ಬರಹ, ಅದು ಬೆರಕೆ’ ಅಂತ ವಿಮರ್ಶೆಯೂ ಸುಳಿ ನೋಡಲು ಶುರುಮಾಡಿದೆ. ಹಾಗೆ ಮಾಡಿದರೆ ನಾವು ಕೋಟ್ಸನ ಪುಸ್ತಕಕ್ಕೆ ಇನ್ನೊಂದು ಹಾಳೆ ಸೇರಿಸಿದಂತೆ, ಅಷ್ಟೆ. ವಂಶಾವಳಿಯನ್ನು ಹಸು ಬರೆದದ್ದಲ್ಲ, ಮಾರುವವನು ಬರೆದದ್ದು. ನಮ್ಮ ವಿಮರ್ಶೆ ಬರೆಯಬೇಕಾದ ಚರಿತ್ರೆ ಆ ಪುಸ್ತಕದಲ್ಲಿ ಕಲಮು ಸಿಗದ ಕೈಗಳದ್ದು.