ವಸ್ತಾದರ ಕೈಯಿಂದ ಸ್ನಾತಕೋತ್ತರ ತರಗತಿಗೆ

ಕಣದಲ್ಲಿ ಪೈಲ್ವಾನನ ಭುಜ ಜಾರಿದರೆ ಮೊದಲು ಕೈ ಹಚ್ಚಬೇಕಾದವರು ಯಾರು? ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಬಹುಕಾಲ ಇದಕ್ಕೆ ಇದ್ದದ್ದು ಒಂದೇ ಉತ್ತರ: ತಾಲೀಮಿನ, ಅಂದರೆ ಗರಡಿಯ, ಗುರುಗಳಾದ ವಸ್ತಾದರು. ಆಮೇಲೆ ಆಸ್ಪತ್ರೆಯ ಡಾಕ್ಟರು ಬಂದರು. ಈಗ ಕ್ರೀಡಾ ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಬರುತ್ತಿದ್ದಾರೆ. ಈ ವಿದ್ಯೆ ಮಟ್ಟಿಯಿಂದ ವಿಶ್ವವಿದ್ಯಾಲಯಕ್ಕೆ ನಡೆದ ದಾರಿ ಅಮೆರಿಕದಲ್ಲಿ ಒಂದು ಬಗೆ, ನಮ್ಮಲ್ಲಿ ಇನ್ನೊಂದು ಬಗೆ.

ತಾಲೀಮಿನ ಕಾಲ

ಕೊಲ್ಹಾಪುರವನ್ನು ಕುಸ್ತಿಯ ರಾಜಧಾನಿ ಮಾಡಿದವರು ಛತ್ರಪತಿ ಶಾಹು ಮಹಾರಾಜರು. ಅವರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ಶುರುವಾಯಿತು. ಮೋತಿಬಾಗ್, ಗಂಗಾವೇಶ, ಶಾಹುಪುರಿ ತಾಲೀಮುಗಳಿಗೆ ಕನ್ನಡ ನಾಡಿನ ಹುಡುಗರೂ ಬಂದು ಸೇರಿದರು. ಚಿಕ್ಕೋಡಿ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ ಶಾಹುಪುರಿ ತಾಲೀಮಿನಲ್ಲಿ ಪಳಗಿ 1959ರಲ್ಲಿ ಮೊದಲ ಹಿಂದ್ ಕೇಸರಿಯಾದರು. ಕಾಗಲ್ ತಾಲ್ಲೂಕಿನ ಸುಳಕೂಡದಂಥ ಮಹಾರಾಷ್ಟ್ರ-ಕರ್ನಾಟಕ ಗಡಿಯಂಚಿನ ಊರುಗಳಲ್ಲಿ ಕುಸ್ತಿಗೆ ಭಾಷೆಯ ಬೇಲಿ ಇರಲಿಲ್ಲ.

ಮೈ ಕಾಯುವ ವಿದ್ಯೆಯೂ ಆ ತಾಲೀಮುಗಳಲ್ಲೇ ಇತ್ತು. ಕಣದ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡುವುದು, ಜೋರು ಎಂಬ ಅಭ್ಯಾಸದ ಕುಸ್ತಿ ಮುಗಿದ ಮೇಲೆ ಮಾಲೀಶು, ಬಾದಾಮಿಯ ಥಂಡಾಯಿ, ಉಳುಕು ತೆಗೆಯುವುದು ಎಲ್ಲವೂ ವಸ್ತಾದರ ಉಸ್ತುವಾರಿ. ಯಾವ ಹುಡುಗನಿಗೆ ಇಂದು ಕುಸ್ತಿ ಬೇಡ ಎಂಬುದನ್ನು ಅವರ ಕಣ್ಣು ಹೇಳುತ್ತಿತ್ತು. ಆದರೆ ಮೊಣಕಾಲಿನೊಳಗೆ ಹರಿದ ಲಿಗಮೆಂಟು, ಕುತ್ತಿಗೆಯ ನರದ ಪೆಟ್ಟು, ತಲೆಯ ಒಳಪೆಟ್ಟು ಬರಿಗಣ್ಣಿಗೆ ಕಾಣುವಂಥವಲ್ಲ. ಉಳುಕೆಂದು ತಿರುವಿದ ಕೀಲು ಮುರಿದ ಎಲುಬೂ ಆಗಿರಬಹುದು.

ಆಟಗಾರನ ಬೆನ್ನಿಗೆ ಬಲ್ಲವರಿಲ್ಲದಿದ್ದರೆ ಆಗುವ ನಷ್ಟಕ್ಕೆ ಖಾಶಾಬಾ ಜಾಧವರ ಕತೆಯೇ ಸಾಕು. ಕರಾಡ ಬಳಿಯ ಗೋಳೇಶ್ವರದ ಈ ಪೈಲ್ವಾನರು ಓದಿದ್ದು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ. ಅವರನ್ನು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಕಳಿಸಲು ಪ್ರಾಂಶುಪಾಲ ಖರ್ಡೀಕರ್ ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ತಂದರು. ಅಲ್ಲಿ ಜಾಧವರು ಜಪಾನಿನ ಶೋಹಾಚಿ ಇಷಿ ಮತ್ತು ಸೋವಿಯತ್ ಕುಸ್ತಿಪಟುವಿನ ಎದುರು, ನಡುವೆ ಅರ್ಧ ಗಂಟೆಯ ವಿಶ್ರಾಂತಿಯೂ ಇಲ್ಲದೆ, ಒಂದರ ಹಿಂದೊಂದು ಕುಸ್ತಿಗೆ ಇಳಿಯಬೇಕಾಯಿತು. ನಿಯಮ ತೋರಿಸಿ ವಾದಿಸಲು ಭಾರತದ ಅಧಿಕಾರಿ ಯಾರೂ ಹತ್ತಿರವಿರಲಿಲ್ಲ ಎಂದು ಹೇಳುತ್ತಾರೆ. ದಣಿದ ಮೈಯಲ್ಲೇ ಅವರು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ, ಕಂಚು, ತಂದರು.

ಅಮೆರಿಕದ ಹಾದಿ

ಅದೇ ಹೊತ್ತಿಗೆ ಅಮೆರಿಕದಲ್ಲಿ ಈ ಕೆಲಸ ವೃತ್ತಿಯ ರೂಪ ಪಡೆಯುತ್ತಿತ್ತು. ಆಟಗಾರರ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್‌ಗಳ ರಾಷ್ಟ್ರೀಯ ಸಂಘ 1950ರಲ್ಲಿ ಹುಟ್ಟಿತು. 1970ರಲ್ಲಿ ಪ್ರಮಾಣಪತ್ರದ ಪರೀಕ್ಷೆ ಬಂತು. 1972ರಲ್ಲಿ ಅರಿಜೋನಾ ಮತ್ತು ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೋರ್ಸುಗಳಿಗೆ ಸಂಘದ ಮನ್ನಣೆ ಸಿಕ್ಕಿತು. ಅಲ್ಲಿಯ ವೈದ್ಯರ ಸಂಘ 1990ರಲ್ಲಿ ಇದನ್ನು ಆರೋಗ್ಯ ವೃತ್ತಿಯೆಂದು ಒಪ್ಪಿತು.

ಹಿರಿಯರ ಕೈಕೆಳಗೆ ದುಡಿದು ಪರೀಕ್ಷೆಗೆ ಕೂರುವ ಹಳೆಯ ದಾರಿ 2004ರಲ್ಲಿ ಮುಚ್ಚಿತು. ವೃತ್ತಿಗೆ ಸ್ನಾತಕೋತ್ತರ ಪದವಿಯೇ ಪ್ರವೇಶದ್ವಾರ ಎಂದು 2015ರಲ್ಲಿ ತೀರ್ಮಾನವಾಯಿತು; 2022ರ ನಂತರ ಬರಿಯ ಪದವಿ ಕೋರ್ಸಿಗೆ ಹೊಸ ಪ್ರವೇಶ ನಿಂತಿತು. ಅಂಗರಚನೆ, ಶರೀರಕ್ರಿಯೆ ಮೊದಲೇ ಓದಿಕೊಂಡವರಿಗೆ ಸುಮಾರು ಎರಡು ವರ್ಷದ ಓದು. ಗಾಯ ತಡೆಯುವುದು, ಮೈದಾನದಲ್ಲೇ ತುರ್ತು ಆರೈಕೆ, ಪೆಟ್ಟಿನ ಪರೀಕ್ಷೆ, ಚೇತರಿಕೆ, ಮತ್ತೆ ಆಟಕ್ಕೆ ಬಿಡುವ ನಿರ್ಧಾರ ಇದರ ತಿರುಳು. ಓದಿನ ದೊಡ್ಡ ಪಾಲು ನಡೆಯುವುದು ತಂಡಗಳ ಜೊತೆಗೇ.

ಭಾರತದ ಹಾದಿ

ನಮ್ಮಲ್ಲಿ ಇದು ಪ್ರತ್ಯೇಕ ವೃತ್ತಿಯಾಗಲಿಲ್ಲ, ಫಿಸಿಯೋಥೆರಪಿಯ ಕೊಂಬೆಯಾಗಿ ಬೆಳೆಯಿತು. ಆ ಶಿಕ್ಷಣ 1950ರ ದಶಕದ ಆರಂಭದಲ್ಲಿ ಮುಂಬೈಯಲ್ಲಿ, ಪೋಲಿಯೋ ಪೀಡಿತ ಮಕ್ಕಳ ಅಗತ್ಯದಿಂದ ಹುಟ್ಟಿದ್ದು. ಆಟಗಾರರು ಅದರ ಕಣ್ಣಿಗೆ ಬಿದ್ದದ್ದು ತಡವಾಗಿ. 1961ರಲ್ಲಿ ಪಟಿಯಾಲಾದಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಮುಂದೆ ವೈದ್ಯರಿಗೆ ಕ್ರೀಡಾ ವೈದ್ಯದ ಡಿಪ್ಲೊಮಾ ಕೊಟ್ಟಿತು. ಅಮೃತಸರದ ಗುರು ನಾನಕ್ ದೇವ್ ವಿಶ್ವವಿದ್ಯಾಲಯ ಕ್ರೀಡಾ ಫಿಸಿಯೋಥೆರಪಿಯ ಸ್ನಾತಕೋತ್ತರ ಓದಿಗೆ ಹೆಸರಾಯಿತು.

ಜನಸಾಮಾನ್ಯರಿಗೆ ‘ಫಿಸಿಯೋ’ ಪರಿಚಯವಾದದ್ದು ಕ್ರಿಕೆಟ್ಟಿನಿಂದ. 1999ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಲೈಪಸ್ ಭಾರತ ತಂಡ ಸೇರಿದರು. 2000ದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಆರಂಭವಾಗಿ, ಮುಂದೆ ಗಾಯಾಳು ಆಟಗಾರರ ಚೇತರಿಕೆಯ ಕೇಂದ್ರವಾಯಿತು. 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಫಿಸಿಯೋಥೆರಪಿಗೆ ದೇಶಮಟ್ಟದ ಕಾನೂನಿನ ಚೌಕಟ್ಟು ಕೊಟ್ಟಿತು.

ಗಡಿಯ ಈಗಿನ ಸ್ಥಿತಿ

ಗಡಿಯ ವಿದ್ಯಾರ್ಥಿಗೆ ಈಗ ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಕೆಎಲ್ಇ ಸಂಸ್ಥೆಯಲ್ಲಿ ಕ್ರೀಡಾ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ, ಎಂಪಿಟಿ, ಇದೆ. ಕೊಲ್ಹಾಪುರದಲ್ಲಿ ಡಿ.ವೈ. ಪಾಟೀಲ್ ಸಂಸ್ಥೆಯ, ಕರಾಡದಲ್ಲಿ ಕೃಷ್ಣಾ ಸಂಸ್ಥೆಯ ಫಿಸಿಯೋಥೆರಪಿ ಕಾಲೇಜುಗಳಿವೆ. ಫಿಸಿಯೋಥೆರಪಿಯ ಪದವಿ, ಬಿಪಿಟಿ, ಮುಗಿಸಿದವರಿಗೆ ಎಂಪಿಟಿ ಎರಡು ವರ್ಷದ ಓದು.

ಕೊರತೆ ಇರುವುದು ತರಬೇತಿಯ ಜಾಗದಲ್ಲಿ. ನಮ್ಮ ವಿದ್ಯಾರ್ಥಿ ಹೆಚ್ಚಾಗಿ ನೋಡುವುದು ಆಸ್ಪತ್ರೆಗೆ ನಡೆದು ಬಂದ ಗಾಯವನ್ನು. ಗಾಯವಾದ ಮೊದಲ ಹತ್ತು ನಿಮಿಷವನ್ನಲ್ಲ. ಆ ಹತ್ತು ನಿಮಿಷದ ಪಾಠ ಸಿಗುವುದು ಜಾತ್ರೆಯ ಕುಸ್ತಿಯಲ್ಲಿ, ಕಬಡ್ಡಿ ಅಂಕಣದಲ್ಲಿ, ಕೊಲ್ಹಾಪುರದ ಶಾಹು ಕ್ರೀಡಾಂಗಣದ ಫುಟ್‌ಬಾಲಿನಲ್ಲಿ. ಅಲ್ಲಿ ಪಾಟಾಕಡೀಲ್, ದಿಲ್‌ಬಹಾರ್‌ನಂಥ ತಾಲೀಮುಗಳೇ ಫುಟ್‌ಬಾಲ್ ತಂಡ ಇಳಿಸುತ್ತವೆ. ಇಂಥ ಪ್ರಯೋಗಶಾಲೆ ಅಮೃತಸರದವರಿಗೂ ಸುಲಭಕ್ಕೆ ಸಿಗದು.

ಅಮೆರಿಕದ ಪ್ರಮಾಣಪತ್ರವನ್ನೇ ನಕಲು ಮಾಡಬೇಕಿಲ್ಲ. ಮೈದಾನವನ್ನೇ ತರಗತಿ ಮಾಡಿಕೊಂಡ ಅದರ ಕ್ರಮವನ್ನು ತೆಗೆದುಕೊಂಡರೆ ಸಾಕು. ಕೊಲ್ಹಾಪುರ, ಬೆಳಗಾವಿಯ ಕಾಲೇಜುಗಳು ಎಂಪಿಟಿ ವಿದ್ಯಾರ್ಥಿಗಳನ್ನು ಒಂದು ಇಡೀ ಹಂಗಾಮು ತಾಲೀಮುಗಳಿಗೆ ಕಳಿಸಲಿ. ವಸ್ತಾದರು ಅವರನ್ನು ಕಣದ ಅಂಚಿಗೆ ಬಿಟ್ಟುಕೊಳ್ಳಲಿ. ಜಾತ್ರೆಯ ಪಂಚರು ಬಹುಮಾನದ ಹಣದ ಜೊತೆಗೆ ಒಬ್ಬ ಫಿಸಿಯೋವಿನ ಸಂಬಳವನ್ನೂ ಎತ್ತಿಡಲಿ.