ಕಡೆಯ ಉಪಚಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳನ್ನು ಊರೂರು ಹುಡುಕಿಸಿ ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು ತೆರೆದವರಿಗೆ, ತುರುಗಳನ್ನು ಬಿಡಿಸಲು ಹೋಗಿ ಮಡಿದವರ, ಊರಳಿವಿನಲ್ಲಿ ಕಾದಿ ಬಿದ್ದವರ ವೀರಗಲ್ಲುಗಳು ಎಷ್ಟೆಷ್ಟೋ ಎದುರಾಗುತ್ತವೆ. ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿ, ಅವನನ್ನು ಅಪ್ಸರೆಯರ ಕೈಯಿಂದ ಎತ್ತಿಸಿ ಶಿವಸನ್ನಿಧಿಯಲ್ಲಿ ಕುಳ್ಳಿರಿಸುವಷ್ಟು ಮರಣಗೌರವವನ್ನು ಬಲ್ಲ ಈ ಸೀಮೆಯಲ್ಲಿ, ಯಾವ ಯುದ್ಧವನ್ನೂ ಮಾಡದೆ ಆಸ್ಪತ್ರೆಯ ಮಂಚದ ಮೇಲೆ ಕಣ್ಮುಚ್ಚಿದವರ ಬದಿಯಲ್ಲಿ ರಾತ್ರಿಯೆಲ್ಲ ನಿಂತಿದ್ದ ದಾದಿಯರಿಗೂ ಆಯಾಗಳಿಗೂ ಚರಿತ್ರೆಯಲ್ಲಿ ಒಂದು ಸಾಲಿನ ಸ್ಥಳವೂ ದೊರೆತಿಲ್ಲವೆಂಬುದು ನನ್ನನ್ನು ಬಹುಕಾಲದಿಂದ ನೋಯಿಸುತ್ತಿರುವ ಸಂಗತಿ.

ಆಸ್ಪತ್ರೆಗಳು ಬರುವುದಕ್ಕೆ ಮುಂಚೆ ಮರಣವು ಮನೆಯವರ ಸ್ವತ್ತಾಗಿತ್ತು. ಪ್ರಾಣೋತ್ಕ್ರಮಣದ ಸಮಯವೆಂದು ಹಿರಿಯರಿಗೆ ತೋರಿದೊಡನೆ ಹಾಸಿಗೆಯಿಂದ ನೆಲಕ್ಕಿಳಿಸುವುದು, ಬಾಯಿಗೆ ತುಳಸಿಯ ನೀರನ್ನೋ ಹಾಲನ್ನೋ ಬಿಡುವುದು, ರೆಪ್ಪೆ ಮುಚ್ಚುವುದು, ದವಡೆಗೆ ಬಟ್ಟೆ ಕಟ್ಟುವುದು, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಗಿಯುವುದು, ಇವೆಲ್ಲವೂ ಮಕ್ಕಳು ಸೊಸೆಯರು ಮಾಡುತ್ತಿದ್ದ ಕೆಲಸ. ಹೊರಗೆ ಸತ್ತವರ ಹೆಣವನ್ನು ಊರೊಳಕ್ಕೆ ತರಬಾರದೆಂಬ ಕಟ್ಟು ಅನೇಕ ಗ್ರಾಮಗಳಲ್ಲಿ ಇದ್ದುದರಿಂದ, ಪರಸ್ಥಳದಲ್ಲಿ ಸಾಯುವುದೆಂದರೆ ತನ್ನ ಹೊಸ್ತಿಲನ್ನೇ ಕಳೆದುಕೊಂಡಂತೆ ಎಂದು ಜನ ಹೆದರುತ್ತಿದ್ದರು.

ಇಂಥ ಜನರ ನಡುವೆ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ತಮ್ಮ ಸಂಸ್ಥೆಯ ಕಾರ್ಯದರ್ಶಿ ವಾರ್ಡ್ಲಾ ಥಾಂಪ್ಸನ್ನರ ಹೆಸರಿನಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿದರು. ತೆಲುಗು ಸೀಮೆಯ ಜಮ್ಮಲಮಡುಗಿನಲ್ಲಿ ಅದಾಗಲೇ ಆಸ್ಪತ್ರೆ ನಡೆಸಿ ಅನುಭವವಿದ್ದ ಡಾಕ್ಟರ್ ಟಿ. ವಿ. ಕ್ಯಾಂಬೆಲ್ ಅದರ ಹೊಣೆ ಹೊತ್ತರು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆ ಎನಿಸಿತು. ಸುತ್ತಣ ತಾಲ್ಲೂಕುಗಳ ರೋಗಿಗಳು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿಕೊಂಡು, ನ್ಯಾರೋಗೇಜಿನ ಸಣ್ಣ ರೈಲು ಬಂದ ಮೇಲೆ ಅದರಲ್ಲಿಯೂ, ಅಲ್ಲಿಗೆ ಬರುತ್ತಿದ್ದರು; ಬಂದವರ ಜತೆಯಲ್ಲಿ ಅಕ್ಕಿ, ರಾಗಿಹಿಟ್ಟು, ಪಾತ್ರೆಪಡಗಗಳೊಡನೆ ಮನೆಮಂದಿಯೂ ಬರುವುದು ವಾಡಿಕೆಯಾಗಿತ್ತು. ಇನ್ನು ಆಸೆಯಿಲ್ಲವೆಂದು ತಿಳಿದಾಗ ಆ ಮಂದಿ ಬೇಡುತ್ತಿದ್ದುದು ಒಂದನ್ನೇ: ಉಸಿರಿರುವಾಗಲೇ ಮನೆಗೆ ಬಿಟ್ಟುಕೊಡಿ ಎಂದು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ಚಿಕಿತ್ಸೆಯ ಭಂಗ. ಆದರೆ ಆ ಬೇಡಿಕೆಗೆ ಮಣಿದು, ಅಲುಗಾಡದಂತೆ ರೋಗಿಯನ್ನು ಗಾಡಿಗೇರಿಸಿ, ದಾರಿಯಲ್ಲಿ ತುಟಿಗೆ ನೀರು ಹಚ್ಚುವ ಕ್ರಮವನ್ನು ಹೇಳಿಕೊಟ್ಟು ಕಳುಹಿಸುವುದು ರೋಗಿಗೆ ಸಲ್ಲುವ ಕಡೆಯ ಉಪಚಾರವೇ ಸರಿ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಹಾಗೆ ಮನೆ ತಲುಪದವರ ಪಾಲಿಗೆ ದಾದಿಯೇ ಮಗಳಾಗಬೇಕಾಯಿತು. ಮಂಚದ ಸುತ್ತ ಬಟ್ಟೆಯ ಮರೆ ನಿಲ್ಲಿಸಿ, ಒದ್ದೆ ಹತ್ತಿಯಿಂದ ಕಣ್ಣೊರಸಿ ರೆಪ್ಪೆಗಳನ್ನು ಕೂಡಿಸಿ, ಮೈ ತೊಳೆದು, ದವಡೆಗೆ ಪಟ್ಟಿ ಸುತ್ತಿ, ಓಲೆ ಬಳೆಗಳನ್ನು ಸಾಕ್ಷಿಗಳೆದುರು ಎಣಿಸಿ ಗಂಟುಕಟ್ಟಿ ಒಪ್ಪಿಸುವವರೆಗಿನ ಕೆಲಸ ಅವಳದು. ತಾಳಿಯನ್ನು ಮಾತ್ರ ಮನೆಯವರ ಕೈಗೇ ಬಿಡುವುದು ಮರ್ಯಾದೆ. ಇಷ್ಟರಲ್ಲಿಯೂ ಒಂದೊಂದು ಮತಕ್ಕೆ ಒಂದೊಂದು ಎಚ್ಚರವುಂಟು. ಮುಸಲ್ಮಾನರಾದರೆ ಮುಖವನ್ನು ಪಶ್ಚಿಮದ ಕಡೆಗೆ ತಿರುಗಿಸಬೇಕು; ಮೈ ತೊಳೆಸುವ ಹಕ್ಕು ಅವರ ಬಂಧುಗಳದೇ. ಲಿಂಗಾಯತರು ಶವವನ್ನು ಕುಳ್ಳಿರಿಸಿ ಸಮಾಧಿ ಮಾಡುವವರಾದುದರಿಂದ, ಅಂಗಾಂಗಗಳು ಸೆಟೆಯುವುದಕ್ಕೆ ಮೊದಲೇ, ಎಂದರೆ ಕೆಲವೇ ಗಂಟೆಗಳೊಳಗೆ, ದೇಹವನ್ನು ಬಿಟ್ಟುಕೊಡದಿದ್ದರೆ ಆ ಮನೆಯವರಿಗೆ ಬಹಳ ಕಷ್ಟ. ಕೈವಾರದ ಯೋಗಿ ತಾತಯ್ಯನವರ ಸಮಾಧಿಯೂ ಮುರುಗಮಲ್ಲದ ದರ್ಗಾವೂ ಒಂದೇ ಚಿಂತಾಮಣಿ ತಾಲ್ಲೂಕಿನಲ್ಲಿರುವ ಈ ಪ್ರಾಂತದಲ್ಲಿ, ಒಂದೇ ವಾರ್ಡಿನ ಅಕ್ಕಪಕ್ಕದ ಮಂಚಗಳಿಗೆ ಬೇರೆ ಬೇರೆ ವಿಧಿ ಬೇಕಾಗುವುದೇನೂ ಆಶ್ಚರ್ಯವಲ್ಲ.

ಈ ಕೆಲಸವನ್ನು ಮಾಡಿದವರ ಮನಸ್ಸು ಏನಾಗುತ್ತಿತ್ತು? ಹೆಣ ಮುಟ್ಟಿದರೆ ಮೈಲಿಗೆಯೆಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಮೇಲುಜಾತಿಯ ಹೆಂಗಸರು ದಾದಿಯ ವೃತ್ತಿಗೆ ಬರುವುದೇ ವಿರಳವಾಗಿತ್ತು. ಆ ಭಾರವನ್ನು ಬಹುಮಟ್ಟಿಗೆ ಹೊತ್ತವರು ಕ್ರೈಸ್ತ ಸ್ತ್ರೀಯರು, ಸಮಾಜವು ತೀರ ಕೆಳಗಿಟ್ಟಿದ್ದ ಜಾತಿಗಳ ಆಯಾಗಳು ಮತ್ತು ವಾರ್ಡ್ ಬಾಯ್‌ಗಳು. ಪಾಳಿ ಮುಗಿಸಿ ಮನೆಗೆ ಬಂದವಳು ಹಿತ್ತಿಲ ಬಾಗಿಲಿನಿಂದಲೇ ಬಚ್ಚಲಿಗೆ ಹೋಗಿ, ತಲೆಗೆ ನೀರು ಹಾಕಿಕೊಂಡ ಮೇಲೆಯೇ ಮಗುವನ್ನೆತ್ತಿಕೊಳ್ಳುವ ಪದ್ಧತಿಯನ್ನು ಮೈಲಿಗೆಯ ಲೆಕ್ಕದಲ್ಲಿ ಮಾತ್ರ ನೋಡಿದರೆ ಸಾಲದು. ಆ ಸ್ನಾನದಲ್ಲಿ ಅವಳು ಅಳುವುದಕ್ಕೂ ಅವಕಾಶವಿತ್ತು. ವಾರ್ಡಿನಲ್ಲಿ ಅದಿರಲಿಲ್ಲ, ಮರೆಯ ಆಚೆಗೆ ಮತ್ತೊಬ್ಬ ರೋಗಿ ನೀರು ಕೇಳುತ್ತಿರುತ್ತಿದ್ದ.

ಯಾರೂ ಬಾರದ ಶವಗಳ ಕಥೆ ಬೇರೆ. ಅಂಥವನ್ನು ವೈದ್ಯವಿದ್ಯಾರ್ಥಿಗಳ ಅಭ್ಯಾಸಕ್ಕೆ ಒಪ್ಪಿಸಲು 1957ರ ಅಂಗರಚನಾಶಾಸ್ತ್ರ ಕಾಯಿದೆ ದಾರಿಮಾಡಿತು. ಅವರಿಗಾಗಿ ಅತ್ತವರಿದ್ದರೆ ಆಸ್ಪತ್ರೆಯವರೇ.

2020ರ ಮಾರ್ಚಿನಲ್ಲಿ ಕೊರೋನಾ ನಮ್ಮ ರಾಜ್ಯದಲ್ಲಿ ಮೊದಮೊದಲು ಕಾಣಿಸಿದ ಊರುಗಳಲ್ಲಿ ಗೌರಿಬಿದನೂರೂ ಒಂದು. ಆ ತಿಂಗಳಲ್ಲಿಯೇ ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಗಳಂತೆ ಶವವನ್ನು ಸೋರದ ಚೀಲದಲ್ಲಿಟ್ಟು ಮುಚ್ಚಬೇಕಿತ್ತು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು, ಮುದ್ದಿಡುವುದು ನಿಷಿದ್ಧವಾಗಿದ್ದವು. ಮುಟ್ಟದೆ ಮಾಡಬಹುದಾದ ಮಂತ್ರಪಠನಕ್ಕೂ ನೀರು ಚಿಮುಕಿಸುವುದಕ್ಕೂ, ಸಿಬ್ಬಂದಿಯೇ ಚೀಲದ ಜಿಪ್ಪನ್ನು ಸರಿಸಿ ಮುಖ ತೋರಿಸುವುದಕ್ಕೂ ಮಾತ್ರ ಅನುಮತಿಯಿತ್ತು. ಹಿಂದೆ 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಜನ ಊರು ತೊರೆದು ಬಯಲ ಗುಡಿಸಲುಗಳಲ್ಲಿ ವಾಸಮಾಡಿದರು. ಈ ಬಾರಿ ಮನೆಯವರು ಮನೆಗಳಲ್ಲಿಯೇ ಬಂಧಿತರಾದರು, ರೋಗಿಯ ಕೈಹಿಡಿದವರು ಮುಖವೇ ಕಾಣದಂತೆ ಮುಸುಕುಹಾಕಿಕೊಂಡ ಅಪರಿಚಿತರು. ಬಂಧುವಿನ ಅಧಿಕಾರವೆಲ್ಲ ಪರಕೀಯನ ಕೈಗೆ ಅಷ್ಟು ಪೂರ್ಣವಾಗಿ ಹೋದುದನ್ನು ನಮ್ಮ ತಲೆಮಾರು ಹಿಂದೆಂದೂ ಕಂಡಿರಲಿಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ಶುಶ್ರೂಷಕರು, ರೋಗಿ ತೀರಿಕೊಂಡೊಡನೆ ವೈದ್ಯರೂ ದಾದಿಯರೂ ಮಂಚದ ಸುತ್ತ ಕ್ಷಣಕಾಲ ಮೌನವಾಗಿ ನಿಲ್ಲುವ ಪದ್ಧತಿಯೊಂದನ್ನು ಆರಂಭಿಸಿದರು. ಅದೀಗ ಅನೇಕ ದೇಶಗಳ ಆಸ್ಪತ್ರೆಗಳಿಗೆ ಹಬ್ಬಿದೆ. ಅದನ್ನು ನಮ್ಮವರೂ ಸ್ವೀಕರಿಸಲಿ. ಆದರೆ 2023ರಲ್ಲಿ ಮುದ್ದೇನಹಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಗಿ, ಈ ಜಿಲ್ಲೆಯಲ್ಲಿಯೇ ವೈದ್ಯರು ತಯಾರಾಗುತ್ತಿರುವ ಈ ಹೊತ್ತಿನಲ್ಲಿ, ಅವರಿಗೆ ಲಿಂಗಾಯತ ಶವದ ಕಾಲನ್ನು ಏಕೆ ಚಾಚಿ ಕಟ್ಟಬಾರದು, ತಾಳಿಯನ್ನು ಯಾರು ತೆಗೆಯಬೇಕು ಎಂಬುದನ್ನು ಹೇಳಿಕೊಡಬಲ್ಲ ನಿವೃತ್ತ ದಾದಿಯರೂ ಆಯಾಗಳೂ ಮೊದಲು ಹೇಳಿದ ನಾಲ್ಕೂ ತಾಲ್ಲೂಕುಗಳಲ್ಲಿ ಇದ್ದಾರೆ; ಅವರನ್ನು ತರಗತಿಗೆ ಕರೆದು ಕೂರಿಸಿ, ಅವರು ಹೇಳಿದುದನ್ನು ಅವರ ಹೆಸರಿನೊಡನೆಯೇ ಬರೆದಿಟ್ಟುಕೊಳ್ಳುವ ಕೆಲಸ ಈ ವರ್ಷವೇ ಆಗಬೇಕು.